ಮಳೆ ಜೂನ್‌ಗೆ, ದುಡ್ಡು ದೀಪಾವಳಿಗೆ

ಪತ್ರಿಕೋದ್ಯಮ ಓದಿದ ನಾವಿಬ್ಬರು ಈಗ ಒಂದು ಮಹಾನಗರ ಪಾಲಿಕೆಯ ಆರೋಗ್ಯ ವಿಭಾಗದಲ್ಲಿ ಗುತ್ತಿಗೆ ಮೇಲೆ ಕೆಲಸ ಮಾಡುತ್ತಿದ್ದೇವೆ. ಯಾವ ಪಾಲಿಕೆ ಅಂತ ಕೇಳಬೇಡಿ, ಇನ್ನೂ ಅಲ್ಲೇ ಇದ್ದೇವೆ. ಊರಿಗೆ ಹೋದಾಗ "ಏನ್ ಕೆಲ್ಸ ನಿಮ್ದು?" ಅಂತಾರೆ. ಆರೋಗ್ಯದ ಬಜೆಟ್ ನೋಡ್ತೀವಿ ಅಂದರೆ, "ಓ, ದುಡ್ಡು ಹಂಚೋ ಕೆಲ್ಸ!" ಒಂದು ರೂಪಾಯಿ ಹಂಚುವ ಅಧಿಕಾರವೂ ನಮಗಿಲ್ಲ. ಯಾವ ಬಾಬ್ತಿಗೆ ಎಷ್ಟು ಬರೆದರು, ಎಷ್ಟು ಬಂತು, ಎಷ್ಟು ಖರ್ಚಾಯಿತು ಎಂದು ಹೊಂದಿಸಿ ನೋಡಿ, ಮೇಲಿನವರಿಗೆ ಎರಡು ಪುಟದ ಟಿಪ್ಪಣಿ ಬರೆಯುತ್ತೇವೆ.

ಬಜೆಟ್ ಪುಸ್ತಕದಲ್ಲಿ ಒಂದೊಂದು ಬಾಬ್ತಿನ ಮುಂದೆ ಮೂರು ಲೆಕ್ಕ ಇರುತ್ತದೆ. ಮುಂದಿನ ವರ್ಷದ ಅಂದಾಜು, ಈ ವರ್ಷದ ಪರಿಷ್ಕೃತ ಅಂದಾಜು, ಹಿಂದೆ ನಿಜವಾಗಿ ಖರ್ಚಾದದ್ದು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬರುವುದು ಮೊದಲನೆಯದು. ನಾವು ಮೊದಲು ನೋಡುವುದು ಕೊನೆಯದನ್ನು. ಮದುವೆ ಮನೆಯ ಮುಯ್ಯಿ ಪುಸ್ತಕದ ಹಾಗೆ: ಕೊಡ್ತೀನಿ ಅಂದವರ ಲೆಕ್ಕ ಅಲ್ಲ, ಕೊಟ್ಟವರ ಲೆಕ್ಕ.

ಆದರೆ ದುಡ್ಡು ಯಾವ ತಿಂಗಳು ಕೈಗೆ ಬಂತು ಅನ್ನುವುದು ಈ ಮೂರರಲ್ಲೂ ಕಾಣುವುದಿಲ್ಲ.

ಡೆಂಗಿಯನ್ನೇ ನೋಡಿ. 2024ರಲ್ಲಿ ಅದು ಎಷ್ಟು ಹೆಚ್ಚಿತೆಂದರೆ ರಾಜ್ಯ ಸರ್ಕಾರ ಸಾಂಕ್ರಾಮಿಕ ರೋಗ ಎಂದು ಘೋಷಿಸಬೇಕಾಯಿತು. ಇದನ್ನು ಹರಡುವ ಸೊಳ್ಳೆಗೆ ಚರಂಡಿ ಬೇಡ. ಡ್ರಮ್ಮು, ಸಂಪು, ಹಳೇ ಟಯರು, ಹೂಕುಂಡದ ತಟ್ಟೆಯಲ್ಲಿ ನಿಂತ ತಿಳಿನೀರು ಸಾಕು. ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಲು ಸುಮಾರು 7ರಿಂದ 10 ದಿನ. ಅದಕ್ಕೇ ವಾರಕ್ಕೊಮ್ಮೆ ಮನೆಮನೆಗೆ ಹೋಗಿ, ಟಾರ್ಚು ಬಿಟ್ಟು ನೋಡಿ, ಲಾರ್ವಾ ಇದ್ದ ನೀರು ಚೆಲ್ಲಿಸಬೇಕು. ಮುಂಗಾರಿಗೆ ಮೊದಲೇ ಶುರುವಾಗಬೇಕು. ದೊಡ್ಡ ಯಂತ್ರವೇನೂ ಬೇಡ, ಓಡಾಡುವವರಿಗೆ ದಿನಗೂಲಿ ಕೊಟ್ಟರಾಯಿತು.

ಆ ಕೂಲಿಯೇ ತಡ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು ಶೇ 60, ರಾಜ್ಯದ್ದು ಶೇ 40. ಆರ್ಥಿಕ ವರ್ಷ ಏಪ್ರಿಲ್ 1ಕ್ಕೆ ಶುರುವಾದರೂ ಕ್ರಿಯಾಯೋಜನೆಗೆ ಒಪ್ಪಿಗೆ ಸಿಗಬೇಕು, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗಬೇಕು, ಬಿಡುಗಡೆ ಆದೇಶ ಬರಬೇಕು. ನಾವು ಸೇರಿದ ವರ್ಷ ಲಾರ್ವಾ ಸಮೀಕ್ಷೆಯ ದುಡ್ಡು ಬಂದದ್ದು ದೀಪಾವಳಿ ಹೊತ್ತಿಗೆ. ಬಿತ್ತನೆ ಮುಗಿದ ಮೇಲೆ ಬೀಜ ಬಂದ ಹಾಗೆ. ಮಾರ್ಚ್‌ವರೆಗೆ ಅರ್ಧವೂ ಖರ್ಚಾಗಲಿಲ್ಲ. ಮುಂದಿನ ಬಜೆಟ್ ಸಭೆಯಲ್ಲಿ ಏನಂದರು ಗೊತ್ತೇ? "ಕೊಟ್ಟಿದ್ದೇ ಖರ್ಚಾಗಿಲ್ಲ, ಈ ಸಲ ಕಡಿಮೆ ಮಾಡಿ." ತಡವಾಗಿ ಬಂದ ದುಡ್ಡು ಹೀಗೆ ಕಡಿಮೆ ದುಡ್ಡಾಗುತ್ತದೆ.

ಅದೇ ಸಭೆಯಲ್ಲಿ ಫಾಗಿಂಗ್ ಯಂತ್ರಕ್ಕೆ ಮಾತ್ರ ಯಾರೂ ಬೇಡ ಅನ್ನಲಿಲ್ಲ. ಹೊಗೆ ಹಾರುವ ಸೊಳ್ಳೆಯನ್ನು ಕೊಲ್ಲುತ್ತದೆ, ಡ್ರಮ್ಮಿನೊಳಗಿನ ಲಾರ್ವಾವನ್ನಲ್ಲ. ಆದರೆ ಹೊಗೆ ಕಣ್ಣಿಗೆ ಕಾಣುತ್ತದೆ. ಕಾರ್ಪೊರೇಟರುಗಳನ್ನೇ ಬೈದು ಪ್ರಯೋಜನವಿಲ್ಲ, ಬೀದಿಯವರು ಫೋನ್ ಮಾಡಿ ಕೇಳುವುದೂ ಹೊಗೆಯನ್ನೇ.

ನಾವು ಟಿಪ್ಪಣಿಯಲ್ಲಿ ಒಂದು ದಾರಿ ಬರೆದೆವು. ಏಪ್ರಿಲ್‌ನಲ್ಲಿ ಆಸ್ತಿ ತೆರಿಗೆ ಕಟ್ಟಿದರೆ ಶೇ 5 ರಿಯಾಯಿತಿ ಇರುವುದರಿಂದ ಆಗ ಪಾಲಿಕೆಯ ಕೈಯಲ್ಲಿ ಸ್ವಂತ ದುಡ್ಡು ಓಡಾಡುತ್ತಿರುತ್ತದೆ. ಮಳೆಗಾಲದ ಕೂಲಿಯನ್ನು ಅದರಿಂದ ಕೊಟ್ಟು, ಅನುದಾನ ಬಂದಾಗ ಸರಿಮಾಡಿಕೊಳ್ಳಿ ಎಂದು. ಮೊದಲ ವರ್ಷ ಕಡತ "ಚರ್ಚಿಸಿ" ಎಂಬ ಷರಾದೊಂದಿಗೆ ವಾಪಸ್ ಬಂತು. ಎರಡನೇ ವರ್ಷ ಎರಡು ತಿಂಗಳ ಕೂಲಿಗೆ ಒಪ್ಪಿಗೆ ಸಿಕ್ಕಿತು. ಮೇ ಕೊನೆಗೇ ಹೆಣ್ಣುಮಕ್ಕಳು ಟಾರ್ಚು ಹಿಡಿದು ವಾರ್ಡುಗಳಿಗೆ ಇಳಿದರು. ಡೆಂಗಿ ಕಡಿಮೆಯಾಯಿತೇ ಅಂತ ಕೇಳಿದರೆ, ಒಂದು ಮಳೆಗಾಲ ನೋಡಿ ಹೇಳುವ ಮಾತಲ್ಲ ಅದು. ಉಳಿದ ತಿಂಗಳುಗಳ ಕೂಲಿಗೆ ಮತ್ತೆ ಬರೆದಿದ್ದೇವೆ.

ನಿಮ್ಮೂರಲ್ಲೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಅಂತ ಒಂದಿದೆ. ಅದಕ್ಕೆ ವರ್ಷಕ್ಕೆ 10,000 ರೂಪಾಯಿವರೆಗೆ ಮುಕ್ತ ನಿಧಿ ಬರುತ್ತದೆ. ಆಶಾ ಅಕ್ಕನನ್ನೋ ಪಂಚಾಯಿತಿ ಸದಸ್ಯರನ್ನೋ ಕೇಳುವಾಗ ಎಷ್ಟು ಬಂತು ಅನ್ನುವುದರ ಜೊತೆಗೆ ಯಾವ ತಿಂಗಳು ಬಂತು ಅಂತಲೂ ಕೇಳಿ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ತಾರೀಖು ಇರುತ್ತದೆ.