ದೀಪದ ಬೆಲೆ ಎಷ್ಟು?

ಸುರಪುರದ ಆ ಮನೆಯಲ್ಲಿ ಪಿಯುಸಿ ಓದುವ ಮಗಳಿಗೊಂದು ಟೇಬಲ್ ಲ್ಯಾಂಪ್ ಬೇಕಾಗಿತ್ತು. ಇರುವುದು ಒಂದೇ ಕೋಣೆ. ರಾತ್ರಿ ದೊಡ್ಡ ದೀಪ ಉರಿದರೆ ಅಜ್ಜಿಗೆ ನಿದ್ದೆಯಿಲ್ಲ. ಅಪ್ಪ ಅದಕ್ಕೆಂದು ತೆಗೆದಿಟ್ಟದ್ದು 450 ರೂಪಾಯಿ.

"ಅಪ್ಪಾ, ಮೊಬೈಲ್‌ದಾಗ ಬರೀ 349 ಅದ ನೋಡು. ಮೊದಲ 999 ಇತ್ತಂತ" ಎಂದಳು ಮಗಳು.

999ರ ಮೇಲೆ ಅಡ್ಡಗೆರೆ ಎಳೆದಿತ್ತು. ಪೊಟ್ಟಣದ ಮೇಲಿನ ಗರಿಷ್ಠ ಮಾರಾಟ ಬೆಲೆ ಎಂದರೆ, ತೆರಿಗೆಯೆಲ್ಲ ಸೇರಿ ಅದಕ್ಕಿಂತ ಹೆಚ್ಚು ಕೇಳಬಾರದೆಂಬ ಮಿತಿ ಅಷ್ಟೆ. ಆ ಬೆಲೆಗೆ ಯಾರೋ ಮಾರುತ್ತಿದ್ದರು ಎಂದಲ್ಲ. ಪಾಲಕರು ಎಡವುವುದು ಇಲ್ಲಿಯೇ. 650 ರೂಪಾಯಿ ಉಳಿಯಿತೆಂಬ ಖುಷಿಯಲ್ಲಿ ಮುಂದಿನ ಪುಟ ಓದುವುದಿಲ್ಲ.

ಮಗಳು ಓದಿದಳು. ತಲುಪಿಸುವ ಖರ್ಚು 60, ಮನೆ ಬಾಗಿಲಲ್ಲಿ ಹಣ ಕೊಡುವುದಕ್ಕೆ 20, ಜಾಲತಾಣದ ಶುಲ್ಕ 7, ಕೇಳದೆಯೇ ಸೇರಿಕೊಂಡಿದ್ದ ವಿಮೆ 29. ಒಟ್ಟು 465! ಖರೀದಿ 499 ಮುಟ್ಟಿದರೆ ತಲುಪಿಸುವ ಖರ್ಚು ಮಾಫಿ ಎಂಬ ಆಸೆ ಬೇರೆ. 60 ಉಳಿಸಲು 150 ರೂಪಾಯಿಯ ಸಾಮಾನು ಕೊಳ್ಳಬೇಕು.

ಹೀಗೆ ಕೇಳದೆ ಬುಟ್ಟಿಗೆ ಸೇರಿಸುವುದನ್ನೂ ಶುಲ್ಕಗಳನ್ನು ಕೊನೆಗೆ ಹೊರತೆಗೆಯುವುದನ್ನೂ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ ಮಾರ್ಗಸೂಚಿ ನಿಷೇಧಿಸಿದೆ. ದೂರು ಹೇಳಲು 1915 ಎಂಬ ಗ್ರಾಹಕ ಸಹಾಯವಾಣಿಯೂ ಇದೆ. ಮಗಳು ವಿಮೆಯ ಗುರುತನ್ನು ಅಳಿಸಿದಳು. 436ಕ್ಕೆ ಇಳಿಯಿತು.

ಅಪ್ಪನ ಕೆಲಸ ಯಾದಗಿರಿಯಲ್ಲಿ. ಅಲ್ಲಿನ ಅಂಗಡಿಯಲ್ಲಿ ಅದೇ ದೀಪಕ್ಕೆ 445.

"ಬಸ್ ಟಿಕೆಟ್ ಸೇರಿಸಿದ್ರ ತುಟ್ಟಿ ಆಯ್ತಲ್ಲಪ್ಪಾ?"

"ನಾ ದಿನಾ ಹೋಗೋ ಬಸ್ಸವ್ವ ಅದು. ದೀಪ ತಂದ್ರೂ ಅಷ್ಟೇ ಟಿಕೆಟ್ಟು, ಬಿಟ್ರೂ ಅಷ್ಟೇ."

ಅರ್ಥಶಾಸ್ತ್ರದ ಪುಸ್ತಕಕ್ಕೆ ಇಷ್ಟು ಹೇಳಲು ಒಂದು ಪುಟ ಬೇಕು.

ದಾರಿಯಲ್ಲಿ ಸಿಗುವ ಶಹಾಪುರದಲ್ಲಿ 420ಕ್ಕೇ ಇತ್ತು. ಆದರೆ ಅಪ್ಪ ನಡುವೆ ಇಳಿದರೆ ಮತ್ತೊಂದು ಟಿಕೆಟ್ ತೆಗೆಸಬೇಕು. ಅವ್ವ ಹೋದರೆ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಸಾಮಾನ್ಯ ಸರಕಾರಿ ಬಸ್ಸಿಗೆ ದುಡ್ಡಿಲ್ಲ; ಆದರೆ ಅವಳ ಹೊಲಿಗೆ ಯಂತ್ರ ಅರ್ಧ ದಿನ ನಿಲ್ಲುತ್ತದೆ. ಆ ಅರ್ಧ ದಿನದ ದುಡಿಮೆಯನ್ನು ಮನೆಗಳಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗಳು ಹಿಡಿದಳು.

ಇನ್ನು ಮೊಬೈಲಿನಲ್ಲಿ ತರಿಸಿದ ದೀಪ ಹತ್ತದೇ ಹೋದರೆ? ಕೆಳಗೆ ಸಣ್ಣ ಅಕ್ಷರದಲ್ಲಿತ್ತು: ಬದಲಿ ಮಾತ್ರ, ಹಣ ವಾಪಸಿಲ್ಲ, 7 ದಿನ ಬೇಕು. ಪರೀಕ್ಷೆಗೆ ಉಳಿದದ್ದು 10 ದಿನ.

ಮರುದಿನ ಅಪ್ಪ ಯಾದಗಿರಿಯ ಅಂಗಡಿಯಲ್ಲಿ ದೀಪವನ್ನು ಹಚ್ಚಿಸಿ ನೋಡಿ, ಗ್ಯಾರಂಟಿ ಚೀಟಿಗೆ ಮೊಹರು ಹಾಕಿಸಿಕೊಂಡು ತಂದ. ಮೊಬೈಲಿಗಿಂತ 9 ರೂಪಾಯಿ ಹೆಚ್ಚು ಬಿತ್ತು. ಅಂದು ಅಜ್ಜಿ ಬೇಗ ಮಲಗಿದಳು.