ಇದು ನಮ್ಮ ಲಿಮಿಟ್ಸ್ ಅಲ್ಲ...

ಹೈದರಾಬಾದಿಗೆ ಬಂದು ಮೂವತ್ತು ವರ್ಷ ಆಗ್ತಾ ಬಂತು. ತೆಲುಗು, ದಖನಿ ಎರಡೂ ನಾಲಿಗೆಗೆ ಹತ್ತಿವೆ. ಇಷ್ಟು ವರ್ಷದಲ್ಲಿ ಕೇಳಿದಾಗಲೆಲ್ಲ ಮೈ ಉರಿಯೋ ಮಾತು ಅಂದ್ರೆ ಒಂದೇ: "ಇದಿ ಮಾ ಲಿಮಿಟ್ಸ್ ಕಾದಂಡಿ." ಇದು ನಮ್ಮ ಸರಹದ್ದಲ್ಲ ಕಣ್ರೀ, ಅಂತ.

2019ರ ನವೆಂಬರ್ 27ರ ರಾತ್ರಿ ನಿಮಗೆ ನೆನಪಿರಬೇಕು. ಶಂಶಾಬಾದಿನ ತೊಂಡುಪಲ್ಲಿ ಟೋಲ್ ಹತ್ತಿರ ಒಬ್ಬ ಪಶುವೈದ್ಯೆಯ ಸ್ಕೂಟರ್ ಪಂಕ್ಚರ್ ಆಯ್ತು. ತಂಗಿಗೆ ಫೋನ್ ಮಾಡಿ, ಭಯ ಆಗ್ತಿದೆ ಅಂದಳು. ಆಮೇಲೆ ಫೋನ್ ಸ್ವಿಚ್ ಆಫ್. ಮನೆಯವರು ಮಧ್ಯರಾತ್ರಿಯ ಹೊತ್ತಿಗೆ ಪೊಲೀಸರ ಹತ್ತಿರ ಓಡಿದ್ರೆ, ಒಂದು ಠಾಣೆಯಿಂದ ಇನ್ನೊಂದಕ್ಕೆ ಅಲೆಸಿದರು. ಯಾರ ಜೊತೆಗಾದ್ರೂ ಹೋಗಿರಬಹುದು ಅನ್ನೋ ಮಾತೂ ಬಂತು ಅಂತ ಮನೆಯವರು ಆಮೇಲೆ ನೊಂದು ಹೇಳಿದರು. ಬೆಳಿಗ್ಗೆ ಶಾದನಗರದ ಚಟಾನಪಲ್ಲಿ ಸೇತುವೆ ಕೆಳಗೆ ಸುಟ್ಟ ದೇಹ ಸಿಕ್ಕಿತು. ಆ ಪ್ರಕರಣಕ್ಕೆ 'ದಿಶಾ' ಅಂತ ಹೆಸರಿಟ್ಟರು.

ಕೂಡಲೇ ಹುಡುಕಿದ್ದರೆ ಬದುಕುತ್ತಿದ್ದಳೋ ಇಲ್ಲವೋ, ಅದು ಬೇರೆ ಮಾತು. ಆದರೆ ಸರಹದ್ದು ಲೆಕ್ಕ ಹಾಕ್ತಾ ಕೂತವರಿಗೆ ಆ ಹೊತ್ತಿನಲ್ಲಿ ಅದು ಗೊತ್ತಿರಲಿಲ್ಲವಲ್ಲ? ಆಗಿನ ಗೃಹಮಂತ್ರಿ ಮಹಮೂದ್ ಅಲಿ ಅವರಂತೂ, ತಂಗಿಗೆ ಮಾಡೋ ಬದಲು 100ಕ್ಕೆ ಫೋನ್ ಮಾಡಬೇಕಿತ್ತು ಅಂದರು. ಓದಿದವಳಾಗಿ ಹೀಗೆ ಮಾಡಿದಳಲ್ಲ ಅನ್ನೋ ಧಾಟಿ. ಆಮೇಲೆ ಸಮಜಾಯಿಷಿ ಕೊಟ್ಟರು ಬಿಡಿ. 100ಕ್ಕೆ ಮಾಡಿದ್ರೂ ಮೊದಲ ಪ್ರಶ್ನೆ "ಏ ಠಾಣೆ?" ಅಂತಲೇ ಇರುತ್ತಿತ್ತೇನೋ ಅಂತ ನನಗೆ ಅನ್ನಿಸಿತು.

ಯಾಕಂದ್ರೆ ಅನುಭವ ಹಾಗಿದೆ. ಕೆಲವು ವರ್ಷದ ಹಿಂದೆ ನಮ್ಮ ಅಪಾರ್ಟ್‌ಮೆಂಟಿನ ರಾಯಚೂರಿನ ಅಕ್ಕಾವ್ರ ಕೊರಳ ಸರ ಬೈಕಿನವರು ಕಿತ್ತುಕೊಂಡು ಹೋದರು. ಕೊರಳಲ್ಲಿ ರಕ್ತ, ಕೈಯಲ್ಲಿ ಹರಿದ ಸೆರಗು. ನಾನೇ ಜೊತೆಗೆ ಹೋದೆ. ಮೊದಲನೇ ಠಾಣೆಯಲ್ಲಿ, ಕಿತ್ತಿದ್ದು ರೋಡಿನ ಯಾವ ಕಡೆ ಅಂತ ಕೇಳಿದರು. ಆ ಕಡೆ ಅಂದ್ವಿ. ಹಾಗಾದ್ರೆ ನಮ್ಮದಲ್ಲ. ಎರಡನೇ ಠಾಣೆಯವರು, ಡಿವೈಡರ್ ತನಕ ಅವರದೇ ಅಂದರು! ಅಕ್ಕಾವ್ರು ನನ್ನ ಕಡೆ ತಿರುಗಿ, "ಕಳ್ಳರಿಗೆ ಇಷ್ಟೊಂದು ಲೆಕ್ಕ ಗೊತ್ತಿರ್ತದೇನ್ರೀ ಅಣ್ಣಾರ?" ಅಂದರು. ನಗಬೇಕೋ ಅಳಬೇಕೋ ನೀವೇ ಹೇಳಿ.

ಕಾನೂನು ಇಲ್ಲವಾ? ಇದೆ. ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2013ರ ನವೆಂಬರ್‌ನಲ್ಲೇ, ಗಂಭೀರ ಅಪರಾಧದ ದೂರು ಬಂದರೆ ಎಫ್‌ಐಆರ್ ದಾಖಲಿಸಲೇಬೇಕು ಅಂತ ಹೇಳಿತ್ತು. ಸರಹದ್ದು ಬೇರೆಯಾದರೆ 'ಜೀರೋ ಎಫ್‌ಐಆರ್' ಬರೆದು ಆಮೇಲೆ ಸಂಬಂಧಪಟ್ಟ ಠಾಣೆಗೆ ಕಳಿಸಬೇಕು. ಅಲೆಯಬೇಕಾದ್ದು ಕಾಗದ, ಮನುಷ್ಯ ಅಲ್ಲ. ಅತ್ಯಾಚಾರದಂಥ ದೂರು ಬರೆದುಕೊಳ್ಳದ ಅಧಿಕಾರಿಗೆ ಜೈಲು ಶಿಕ್ಷೆಯೂ 2013ರ ತಿದ್ದುಪಡಿಯಲ್ಲಿ ಬಂತು. ಇಷ್ಟೆಲ್ಲ ಆಗಿ ಆರು ವರ್ಷದ ಮೇಲೆ ಶಂಶಾಬಾದಿನ ಆ ರಾತ್ರಿ!

ಆಮೇಲಿನದು ಗೊತ್ತೇ ಇದೆ. ಮೂವರು ಪೊಲೀಸರು ಸಸ್ಪೆಂಡ್ ಆದರು. ಡಿಸೆಂಬರ್ 6ರ ಬೆಳಗಿನ ಜಾವ ನಾಲ್ವರೂ ಆರೋಪಿಗಳು ಎನ್‌ಕೌಂಟರಿನಲ್ಲಿ ಸತ್ತರು. ಜನ ಪೊಲೀಸರ ಮೇಲೆ ಹೂ ಎರಚಿದರು. ಆಗ ಸೈಬರಾಬಾದ್ ಕಮಿಷನರ್ ಆಗಿದ್ದವರು ನಮ್ಮ ಹುಬ್ಬಳ್ಳಿಯ ವಿ.ಸಿ. ಸಜ್ಜನರ. ಊರಿಂದ ಒಂದೇ ಸಮ ಫೋನು, "ನಮ್ಮವರು ನೋಡ್ರಿ!" ಅಂತ. ಆ ಸಿಟ್ಟು ನನಗೂ ಇತ್ತು, ಇಲ್ಲ ಅನ್ನೋಲ್ಲ. ಆದರೆ ಹೂವಿನ ರಾಶಿಯಲ್ಲಿ 27ರ ರಾತ್ರಿಯ ಪ್ರಶ್ನೆ ಮುಚ್ಚಿಹೋಯ್ತು. ಸುಪ್ರೀಂ ಕೋರ್ಟು ನೇಮಿಸಿದ ಸಿರ್‌ಪುರ್‌ಕರ್ ಆಯೋಗದ ವರದಿ 2022ರ ಮೇ ತಿಂಗಳಲ್ಲಿ ಹೊರಬಂತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಿದ್ದು, 10 ಪೊಲೀಸರ ಮೇಲೆ ವಿಚಾರಣೆ ನಡೆಯಬೇಕು, ಸತ್ತವರಲ್ಲಿ ಮೂವರು ಅಪ್ರಾಪ್ತರು ಅಂತ ಆಯೋಗ ಹೇಳಿತು. ಮುಂದಿನ ಕ್ರಮಕ್ಕೆ ವಿಷಯ ತೆಲಂಗಾಣ ಹೈಕೋರ್ಟಿಗೆ ಹೋಯ್ತು.

ನನ್ನ ಕಿರಿಕಿರಿ ಇಷ್ಟೇ. ನಮ್ಮಲ್ಲಿ ದೂರಿಗೆ ಎರಡೇ ಉತ್ತರ. ಒಂದು ನಿರ್ಲಕ್ಷ್ಯ, ಇಲ್ಲಾಂದ್ರೆ ದೇಶವೇ ಚಪ್ಪಾಳೆ ತಟ್ಟೋ ಆರ್ಭಟ. ನಡುವೆ ಇರಬೇಕಾದ್ದು ಒಂದು ಪೆನ್ನು, ಒಂದು ಹಾಳೆ, "ಕೂತ್ಕೊಳ್ಳಿ ಅಮ್ಮ, ಏನಾಯ್ತು?" ಅನ್ನೋ ಒಂದು ಮಾತು. ಅದಕ್ಕೆ ಬುಲೆಟ್ ಬೇಕಾಗಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ, ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು ಅಂತ ಸ್ಪಷ್ಟವಾಗಿ ಬರೆದಿದೆ. ಪರಊರಿನಲ್ಲಿ ಇರೋ ನಾವು ಭಾಷೆ ಬರಲ್ಲ, ಪರಿಚಯದವರಿಲ್ಲ ಅಂತ ಬೇಗ ಎದ್ದು ಬಂದುಬಿಡ್ತೀವಿ. ಬರಬೇಡಿ. ಜೀರೋ ಎಫ್‌ಐಆರ್ ಬರೀರಿ ಅಂತ ಕೇಳಿ, ಪ್ರತಿ ಕೈಗೆ ಬರೋ ತನಕ ಅಲ್ಲೇ ಕೂತಿರಿ.