ಒಂದನೇ ನಂಬರಿನ ಸೀಟು

ತಮ್ಮ ಆ ರಾತ್ರಿ ಮನೆಗೆ ಬಂದಾಗ ಕೈಯಲ್ಲಿ ಇಟ್ಟಿಗೆಯಷ್ಟು ದಪ್ಪದ ಪುಸ್ತಕವಿತ್ತು. "ಅಕ್ಕಾ, ಇದನ್ನ ಓದಿ ನಂಗೆ ಅರ್ಥ ಮಾಡ್ಸು. ಬೆಳಿಗ್ಗೆ ಕಾರಲ್ಲಿ ವಾಪಸ್ ಇಡ್ಬೇಕು" ಅಂದ. ಶ್ರೀರಾಂಪುರದ ನಮ್ಮ ಗಲ್ಲಿಯಲ್ಲಿ ಇಂಗ್ಲಿಷ್ ಮೇಷ್ಟ್ರು ಅಂತಿರುವುದು ನಾನೊಬ್ಬಳೇ. ಬ್ಯಾಂಕಿನ ಪತ್ರ, ಆಸ್ಪತ್ರೆಯ ರಿಪೋರ್ಟು, ಕೋರ್ಟಿನ ನೋಟಿಸು ಎಲ್ಲವನ್ನೂ ಓದಿ ಹೇಳಿದ್ದೇನೆ. ಸ್ಪೋರ್ಟ್ಸ್ ಕಾರಿನ ಮ್ಯಾನ್ಯುಯಲ್ ಓದಿದ್ದು ಮಾತ್ರ ಅದೇ ಮೊದಲು.

ತಮ್ಮ ಸದಾಶಿವನಗರದ ಒಂದು ಮನೆಯಲ್ಲಿ ಡ್ರೈವರ್. ಅಲ್ಲಿ ಮೂರು ಕಾರುಗಳಿವೆ. ಅದರಲ್ಲಿ ಎರಡು ಬಾಗಿಲಿನ ಕೆಂಪು ಕಾರನ್ನು ಸಾಹೇಬರು ಭಾನುವಾರ ಬೆಳಗಿನ ಜಾವ ತಾವೇ ಓಡಿಸುತ್ತಾರೆ. ಅದನ್ನು ತೊಳೆಯುವುದು, ಬಂಕಿಗೆ ಹೋಗಿ ಪೆಟ್ರೋಲ್ ಹಾಕಿಸುವುದು, ಸರ್ವೀಸಿಗೆ ಬಿಡುವುದು ತಮ್ಮನ ಕೆಲಸ. ಆ ವಾರ ಸಾಹೇಬರು ಹತ್ತಿ ಕೂತರೆ ಮಂಡಿ ಸ್ಟೀರಿಂಗಿಗೆ ಬಡಿಯಿತಂತೆ. ಬಾಗಿಲ ಪಕ್ಕದ ಒಂದನೇ ನಂಬರಿನ ಬಟನ್ ಎಷ್ಟು ಸಲ ಒತ್ತಿದರೂ ಸೀಟು ಹಿಂದಕ್ಕೆ ಹೋಗಲೇ ಇಲ್ಲ. "ಸೀಟು ಹಾಳು ಮಾಡಿದ್ದೀಯ. ಶೋರೂಮಿನ ಬಿಲ್ ನಿನ್ನ ಸಂಬಳದಲ್ಲೇ ಕಟ್" ಅಂದಿದ್ದರು. ಸಾಹೇಬರ ಎತ್ತರ ಆರಡಿ. ನಮ್ಮ ಮನೆಯಲ್ಲಿ ಯಾರೂ ಐದೂವರೆ ದಾಟಿದವರಿಲ್ಲ.

ಜಗಲಿಯ ಮೇಲೆ ಕೂತು ಪುಸ್ತಕ ತೆರೆದೆವು. ಸೀಟಿನ ಅಧ್ಯಾಯವನ್ನು ಎರಡು ಸಲ ಓದಿದ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಸೀಟಿನ ಕೆಳಗೆ ಸಣ್ಣ ಸಣ್ಣ ಮೋಟಾರುಗಳಿವೆ: ಒಂದು ಹಿಂದೆ ಮುಂದೆ ಸರಿಸಲು, ಒಂದು ಮೇಲೆ ಕೆಳಗೆ ಮಾಡಲು, ಒಂದು ಬೆನ್ನನ್ನು ಒರಗಿಸಲು. ಮೋಟಾರು ಎಷ್ಟು ಸುತ್ತು ತಿರುಗಿತು ಅನ್ನುವುದನ್ನು ಸೆನ್ಸಾರ್ ಎಣಿಸುತ್ತದೆ. 'ಸೆಟ್' ಒತ್ತಿ ಆಮೇಲೆ ನಂಬರು ಒತ್ತಿದರೆ ಆ ಎಣಿಕೆ ಆ ನಂಬರಿನಲ್ಲಿ ಉಳಿಯುತ್ತದೆ. ಬರೀ ನಂಬರು ಒತ್ತಿದರೆ, ಉಳಿಸಿದ ಎಣಿಕೆಗೆ ಬರುವವರೆಗೆ ಮೋಟಾರು ತಿರುಗುತ್ತದೆ. ಸೀಟಿಗೆ ಸಾಹೇಬರು ಯಾರು, ಡ್ರೈವರ್ ಯಾರು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಕೊನೆಯ ಸಲ 'ಸೆಟ್' ಒತ್ತಿದಾಗ ಇದ್ದ ಲೆಕ್ಕ ಮಾತ್ರ.

"ನೀನು 'ಸೆಟ್' ಒತ್ತಿದ್ಯೇನೋ?"

ತಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಬ್ರೇಕು ಕಾಲಿಗೆ ಸಿಗ್ತಿರಲಿಲ್ಲ ಅಕ್ಕಾ. ಮುಂದಕ್ಕೆ ಎಳ್ಕೊಂಡೆ. ಪ್ರತಿ ಸಲ ಯಾಕೆ ಒದ್ದಾಡೋದು ಅಂತ ಸೆಟ್ ಒತ್ತಿ ಒಂದು ಒತ್ತಿದೆ. ಟಿಂಗ್ ಅಂತು."

ಏನೂ ಕೆಟ್ಟಿರಲಿಲ್ಲ. ಸಾಹೇಬರ ನಂಬರಿನಲ್ಲಿ ನನ್ನ ತಮ್ಮ ಕೂತಿದ್ದ, ಅಷ್ಟೇ. ಅಳಿಸಿಹೋದ ಹಳೆಯ ಎಣಿಕೆ ವಾಪಸ್ ಬರುವಂತಿರಲಿಲ್ಲ. ಸಾಹೇಬರೇ ಕೂತು, ತಮಗೆ ಬೇಕಾದ ಹಾಗೆ ಮಾಡಿಕೊಂಡು, ಮತ್ತೆ ಸೆಟ್ ಒತ್ತಿ ಒಂದು ಒತ್ತಬೇಕಿತ್ತು. ಇದನ್ನು ಅವರಿಗೆ ಹೇಳುವವರು ಯಾರು ಅನ್ನುವುದೇ ಪ್ರಶ್ನೆ.

ಒಳಗಿನಿಂದ ಅಮ್ಮ, "ನಿಮ್ಮಪ್ಪಂಗೆ ಟವೆಲ್ ಒಂದಿದ್ರೆ ಸಾಕಾಗಿತ್ತು" ಅಂದಳು.

ಅಪ್ಪ ಬಿಟಿಎಸ್ ಬಸ್ಸಿನ ಡ್ರೈವರ್. 1997ರಲ್ಲಿ ಅದು ಬಿಎಂಟಿಸಿ ಆಯಿತು, ನಮ್ಮ ಮನೆಯಲ್ಲಿ ಮಾತ್ರ ಕೊನೆಯವರೆಗೂ ಬಿಟಿಎಸ್ಸೇ. ಅಪ್ಪನ ಪಾಲಿಗೆ ಬರುತ್ತಿದ್ದ ಬಸ್ಸುಗಳಲ್ಲಿ ಸೀಟು ಸರಿಸುವ ಲಿವರ್ ತುಕ್ಕು ಹಿಡಿದು ಕೂತಿರುತ್ತಿತ್ತಂತೆ. ಅಪ್ಪ ಟವೆಲನ್ನು ನಾಲ್ಕು ಮಡಿಕೆ ಮಾಡಿ ಸೊಂಟದ ಹಿಂದೆ ಇಟ್ಟುಕೊಳ್ಳುತ್ತಿದ್ದರು. ಪಾಳಿ ಮುಗಿದಾಗ ಅದನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಇಳಿದುಬಿಡುತ್ತಿದ್ದರು. ಮುಂದಿನ ಪಾಳಿಯವನು ತನ್ನ ಟವೆಲು ತರುತ್ತಿದ್ದ. ಅಪ್ಪನ ಸೊಂಟನೋವು ಮಾತ್ರ ಅಪ್ಪನ ಜೊತೆಗೇ ಮನೆಗೆ ಬರುತ್ತಿತ್ತು.

ಪುಸ್ತಕದಲ್ಲಿ ಇನ್ನೊಂದು ಅಧ್ಯಾಯವನ್ನೂ ಓದಬೇಕಿತ್ತು. ಬೆಳಗಿನ ಜಾವ ಕಾರು ಸ್ಟಾರ್ಟ್ ಮಾಡಿ ಗೇಟಿನ ಹೊರಗೆ ನಿಲ್ಲಿಸುವವನು ತಮ್ಮನೇ. ಆ ಸದ್ದಿಗೆ ಎದುರು ಮನೆಯ ಹಿರಿಯರು ಬೈಯುತ್ತಿದ್ದುದೂ ಅವನನ್ನೇ. ಸದ್ದು ಕಮ್ಮಿ ಮಾಡುವ ದಾರಿ ಇದರಲ್ಲಿದೆಯಾ ನೋಡು ಅಂದ.

ಇತ್ತು. ಎಂಜಿನ್ನಿನಿಂದ ಹೊಗೆ ಒಂದೇ ಸಮನೆ ಬರುವುದಿಲ್ಲ, ಗುದ್ದು ಗುದ್ದಾಗಿ ಬರುತ್ತದೆ. ಆ ಗುದ್ದುಗಳೇ ನಮಗೆ ಕೇಳುವ ಸದ್ದು. ಸೈಲೆನ್ಸರಿನೊಳಗೆ ಕೋಣೆಗಳೂ ತೂತಿನ ಕೊಳವೆಗಳೂ ಇರುತ್ತವೆ. ಸದ್ದಿನ ಅಲೆಗಳು ಅಲ್ಲಿ ಗೋಡೆಗೆ ಬಡಿದು, ಹಿಂದಿರುಗಿ, ಒಂದನ್ನೊಂದು ಹೊಡೆದುಹಾಕುತ್ತವೆ. ಇಂಥ ಕಾರುಗಳಲ್ಲಿ ಪಕ್ಕದಲ್ಲೇ ಇನ್ನೊಂದು ನೇರ ದಾರಿ ಇದ್ದು, ಅದಕ್ಕೊಂದು ಸಣ್ಣ ಬಾಗಿಲಿರುತ್ತದೆ. ಕ್ವೈಟ್ ಮೋಡಿನಲ್ಲಿ ಆ ಬಾಗಿಲು ಮುಚ್ಚಿರುತ್ತದೆ, ನಾರ್ಮಲ್ಲಿನಲ್ಲಿ ವೇಗ ನೋಡಿಕೊಂಡು ತೆರೆಯುತ್ತದೆ, ಸ್ಪೋರ್ಟಿನಲ್ಲಿ ಬೇಗ ತೆರೆಯುತ್ತದೆ, ಟ್ರ್ಯಾಕಿನಲ್ಲಿ ಪೂರಾ ತೆರೆದೇ ಇರುತ್ತದೆ.

"ಅಂದ್ರೆ ನಮ್ಮ ಗಲ್ಲಿ ಥರ" ಅಂದ ತಮ್ಮ. "ಮೇನ್ ರೋಡ್ ಸದ್ದು ನಾಲ್ಕು ತಿರುವು ತಿರುಗಿ ಇಲ್ಲಿಗೆ ಬರೋಷ್ಟರಲ್ಲಿ ಸುಸ್ತಾಗಿರುತ್ತೆ. ಬಾಗಿಲು ತೆಗೆದ್ರೆ ನೇರ ಮೇನ್ ರೋಡು." ನನ್ನ ವಿವರಣೆಗಿಂತ ಇದೇ ಚೆನ್ನಾಗಿತ್ತು.

ಆಮೇಲೆ ಅವನೊಂದು ಪ್ರಶ್ನೆ ಕೇಳಿದ. "ನಮ್ಮ ಹುಡುಗರು ಆರ್‌ಎಕ್ಸ್ ಹಂಡ್ರೆಡ್ ಸೈಲೆನ್ಸರ್ ಕೊಯ್ಸಿದ್ರೆ ಪೊಲೀಸ್ನೋರು ಕಿತ್ಕೊಂಡು ರೋಡ್ ರೋಲರ್ ಹತ್ತಿಸ್ತಾರೆ. ಇವ್ರ್ದು ಕಂಪನೀಲೇ ಕೊಯ್ದು ಬರುತ್ತಲ್ಲಾ?" ಕಂಪನಿ ಕಾರನ್ನು ಪರೀಕ್ಷೆ ಮಾಡಿಸಿ ಒಪ್ಪಿಗೆ ಪಡೆದಿರುತ್ತದೆ, ನಾವೇ ಬದಲಾಯಿಸಿದರೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ ಅಂದೆ. ಉತ್ತರ ಸರಿಯಾಗಿತ್ತು. ಆದರೂ ಅವನ ಮುಖ ನೋಡಿ ನನಗೇ ಅದು ಪೂರ್ತಿ ಉತ್ತರ ಅನ್ನಿಸಲಿಲ್ಲ.

ಆ ಕ್ವೈಟ್ ಮೋಡಿನ ಬಗ್ಗೆ ಮೊಬೈಲಿನಲ್ಲೂ ಹುಡುಕಿದೆ. ಫೋರ್ಡ್ ಮಸ್ಟ್ಯಾಂಗಿನ 2018ರ ಮಾಡೆಲಿಗೆ ಇಂಥದ್ದು ಬಂದದ್ದರ ಹಿಂದೆ ಒಂದು ಕಥೆ ಇದೆ. ಆ ಕಂಪನಿಯ ಎಂಜಿನಿಯರೊಬ್ಬರು ಮನೆಗೆ ತಂದ ಕಾರಿನ ಸದ್ದಿಗೆ ನೆರೆಮನೆಯವರು ಪೊಲೀಸರನ್ನೇ ಕರೆದಿದ್ದರಂತೆ. ಅದಾದ ಮೇಲೆ, ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗೆ ಮೆಲ್ಲಗೆ ಸ್ಟಾರ್ಟ್ ಆಗಬೇಕು ಎಂದು ಕಾರಿಗೇ ಹೇಳಿಡುವ ವ್ಯವಸ್ಥೆ ಮಾಡಿದರು. ಸದ್ದು ಸುಮಾರು 82 ಡೆಸಿಬಲ್‌ನಿಂದ 72ಕ್ಕೆ ಇಳಿಯಿತು. ಎಂಜಿನಿಯರುಗಳು ಮೊದಲು ಅದನ್ನು ಕರೆದದ್ದು 'ಒಳ್ಳೆಯ ನೆರೆಯವನ ಮೋಡ್' ಅಂತ.

ಇದನ್ನು ಓದಿ ಹೇಳಿದಾಗ ನಾವಿಬ್ಬರೂ ಒಟ್ಟಿಗೇ ನಕ್ಕೆವು. ಮೊದಲ ಪಾಳಿ ಇದ್ದ ದಿನ ಅಪ್ಪ ನಾಲ್ಕು ಗಂಟೆಗೇ ಹೊರಡಬೇಕಿತ್ತು. ಲೂನಾವನ್ನು ಮನೆಮುಂದೆ ಯಾವತ್ತೂ ಸ್ಟಾರ್ಟ್ ಮಾಡಿದವರಲ್ಲ. ಗಲ್ಲಿಯ ತುದಿಯವರೆಗೆ ತಳ್ಳಿಕೊಂಡು ಹೋಗಿ, ಮೇನ್ ರೋಡ್ ಸಿಕ್ಕ ಮೇಲೆ ತುಳಿಯುತ್ತಿದ್ದರು. ರೈಲಿನ ಸದ್ದಿಗೂ ಏಳದ ನಮ್ಮ ಗಲ್ಲಿಯವರು ಲೂನಾದ ಸದ್ದಿಗೆ ಏಳುತ್ತಿದ್ದರೋ ಇಲ್ಲವೋ. ಎದುರು ಮನೆಯ ತಮಿಳು ಪಾಟಿ ಮಾತ್ರ, ನಿಮ್ಮಪ್ಪ ಯಾವ ದಿನ ಯಾವ ಪಾಳಿಗೆ ಹೋಗ್ತಾರೆ ಅಂತ ನನಗೆ ಗೊತ್ತೇ ಆಗಲ್ಲ ಅಂತ ಹೇಳುತ್ತಿದ್ದರು. ಅದು ಹೊಗಳಿಕೆ ಅಂತ ನನಗೆ ತುಂಬ ತಡವಾಗಿ ಹೊಳೆಯಿತು.

ಮಾರನೇ ದಿನ ತಮ್ಮ ಧೈರ್ಯ ಮಾಡಿ, "ಸರ್, ಕೆಟ್ಟಿಲ್ಲ. ನೀವೇ ಒಂದ್ಸಲ ಕೂತು ಸೆಟ್ ಮಾಡ್ಕೋಬೇಕು" ಅಂದ. ಎರಡು ನಿಮಿಷದ ಕೆಲಸ. ಟಿಂಗ್ ಅಂತು. ಸಂಬಳ ಕಟ್ಟಾಗಲಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಏಳರವರೆಗೆ ಕ್ವೈಟ್ ಇಡೋಣವಾ ಅಂತ ಕೇಳಿದ್ದಕ್ಕೂ ಸಾಹೇಬರು ಹೂಂ ಅಂದರು. ಎದುರು ಮನೆಯ ಹಿರಿಯರು ಆಮೇಲೆ ಬೈದಿಲ್ಲವಂತೆ.

ಎರಡನೇ ನಂಬರು ಮೇಡಂದು. "ಮೂರನೇದು ಖಾಲಿ ಇದೆಯಲ್ಲೋ, ನಿಂದು ಅದರಲ್ಲಿ ಇಟ್ಕೋಬಹುದಿತ್ತಲ್ಲ?" ಅಂತ ಕೇಳಿದೆ.

"ಕೇಳಿದ್ದೆ. ಅದು ಮಗಳಿಗಂತೆ. ಅಮೆರಿಕಾದಲ್ಲಿದ್ದಾಳೆ, ಬಂದಾಗ ಬೇಕಾಗುತ್ತಂತೆ."

"ಬಂದು ಎಷ್ಟು ದಿನ ಆಯ್ತು?"

"ನಾನು ಸೇರಿದ ಮೇಲೆ ಬಂದಿಲ್ಲ." ಅವನು ಸೇರಿ ಎರಡು ವರ್ಷ.

ನನಗೆ ಸಿಟ್ಟು ಬಂತು. ತಮ್ಮನಿಗೆ ಬರಲಿಲ್ಲ. ಈಗ ಅವನು ಪ್ರತಿ ಸಲ ಕೈಯಾರೆ ಸೀಟು ಮುಂದಕ್ಕೆ ತಂದುಕೊಳ್ಳುತ್ತಾನೆ, ಇಳಿಯುವ ಮುಂಚೆ ಒಂದು ಒತ್ತುತ್ತಾನೆ. "ನಾನು ಕೂತಿದ್ದೆ ಅಂತ ಅವ್ರಿಗೆ ಗೊತ್ತೇ ಆಗಲ್ಲ ಅಕ್ಕಾ" ಅಂದ. ಅದನ್ನು ಹೇಳುವಾಗ ಅವನ ದನಿಯಲ್ಲಿ ಇದ್ದದ್ದು ಹೆಮ್ಮೆಯೇ. ನಾನು ಮಾತ್ರ ಆ ಮಾತನ್ನು ಅವನಷ್ಟು ಹಗುರವಾಗಿ ಇಳಿಸಿಕೊಳ್ಳಲು ಇನ್ನೂ ಕಲಿತಿಲ್ಲ.